ಷರತ್ತುಗಳು ನಮಗೂ ಅನ್ವಯಿಸುತ್ತವೆ

ಓದದೆ ಒಪ್ಪಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಫೋನಿನಲ್ಲಿ ಏನೇ ಹೊಸದು ಹಾಕಿಕೊಂಡರೂ ಷರತ್ತುಗಳ ಉದ್ದನೆಯ ಪಟ್ಟಿಯೊಂದು ಬರುತ್ತದೆ. ನನ್ನ ಹೆಬ್ಬೆರಳು ತಾನಾಗಿಯೇ ಕೆಳಗಿಳಿದು ‘ಒಪ್ಪಿದ್ದೇನೆ’ ಎಂಬುದನ್ನು ಒತ್ತಿಬಿಡುತ್ತದೆ. ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮಜ್ಜನಿಗಾದರೂ ಯಾರಾದರೂ ಓದಿ ಹೇಳುತ್ತಿದ್ದರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ದಿನವಿಡೀ ಸಾಫ್ಟ್‌ವೇರಿನ ತಪ್ಪು ಹುಡುಕುವ ನನಗೆ ಆ ಭಾಗ್ಯವೂ ಇಲ್ಲ.

ಇಂಥ ನಾನೇ ಷರತ್ತು ಹಾಕುವ ಕಾಲ ಬಂತು. ನನ್ನ ಹೆಂಡತಿ ಸುಮಾ ಆನ್‌ಲೈನಿನಲ್ಲಿ ಆರ್ಡರ್ ತೆಗೆದುಕೊಂಡು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಕೆಲವರು ಅದನ್ನು ಮದುವೆಗೆ ತೊಟ್ಟು, ತೋಳಿನ ಮೇಲಿನ ಅರಿಶಿನದ ಸಮೇತ ‘ಫಿಟ್ಟಿಂಗ್ ಸರಿಯಿಲ್ಲ’ ಎಂದು ವಾಪಸ್ ಕಳಿಸತೊಡಗಿದರು. ಅವಳು ಮಿಷನ್ನಿಗೆ ಬಟ್ಟೆ ಮುಚ್ಚಿ, “ಸಾಕ್ ಕಣ್ರೀ, ನಿಲ್ಲಿಸ್ಬಿಡ್ತೀನಿ” ಎಂದಳು. ನನಗೆ ನಿಜಕ್ಕೂ ಸಂಕಟವಾಯಿತು. ದೊಡ್ಡ ಮಳಿಗೆಯೊಂದರ ವೆಬ್‌ಸೈಟಿನಿಂದ ಷರತ್ತುಗಳನ್ನು ನಕಲು ಮಾಡಿ, ಹೆಸರು ಬದಲಿಸಿ, ನಮ್ಮ ಪುಟದ ತಳದಲ್ಲಿ ಅಂಟಿಸಿದೆ.

ಆನೇಕಲ್ಲಿನಲ್ಲಿ ವಕೀಲನಾಗಿರುವ ಗೆಳೆಯ ನಾಗರಾಜ ನೋಡಿ ತಲೆಯಾಡಿಸಿದ. “ಮೂಲೇಲಿ ಬಚ್ಚಿಟ್ರೆ ಕೋರ್ಟಲ್ಲಿ ನಿಲ್ಲೋದು ಕಷ್ಟ ಗುರು. ದುಡ್ಡು ಕಟ್ಟೋಕ್ ಮುಂಚೆ ಕಣ್ಣಿಗೆ ಕಾಣ್ಬೇಕು, ಅವ್ರೇ ಟಿಕ್ ಹಾಕ್ಬೇಕು. ಆಮೇಲೆ ಇಬ್ರೂ ಅದಕ್ಕೆ ಬದ್ಧರು.” ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಟಿಕ್ ಹಾಕದೆ ಯಾರೂ ಮುಂದಕ್ಕೆ ಹೋಗಲಾಗದಂತೆ ಬಿಗಿ ಮಾಡಿ, ಬೀಗಿದೆ.

ಆಗ ಬಂದವರು ಮಹದೇವಪುರದ ವರಲಕ್ಷ್ಮಮ್ಮ. ಹಳೆಯ ಊರಿನವರು, ಅವರ ರಾಗಿ ಹೊಲವಿದ್ದಲ್ಲಿ ಈಗ ಬಾಡಿಗೆ ಮನೆಗಳಿವೆ. ಬಾಡಿಗೆ ಕರಾರು ಓದಿ ಓದಿ ಪಳಗಿದವರು. ಲೋಕದಲ್ಲಿ ಷರತ್ತನ್ನು ಪೂರ್ತಿ ಓದುವ ಏಕೈಕ ಗ್ರಾಹಕಿ ನಮಗೇ ಗಂಟುಬಿದ್ದಿದ್ದರು. ಫೋನ್ ಮಾಡಿ ಹೇಳಿದರು: “ತೋಳು ಬಿಗಿ ಆಗೈತೆ. ತೃಪ್ತಿ ಆಗೋಗಂಟ ಅಂಗಡಿಯವ್ರೇ ಮನೇಗ್ ಬಂದು ತಗೊಂಡೋಗಿ ಸರಿ ಮಾಡ್ಕೊಡ್ತಾರೆ ಅಂತ ನೀವೇ ಆಕಿದ್ದೀರಲ್ಲಪ್ಪ. ಯಾವಾಗ ಬತ್ತೀರಾ?”

ತೆರೆದು ನೋಡಿದೆ. ಹಾಗೆಯೇ ಇತ್ತು.

ಟಿಕ್ ಹಾಕಿದ್ದು ಅವರು, ನಾನಲ್ಲವಲ್ಲ ಎಂದು ನಾಗರಾಜನನ್ನು ಕೇಳಿದೆ. ಅವನು ನಕ್ಕ. “ನಿನ್ ಮಾತಿಗೆ ನೀನು ಬೇರೆ ಟಿಕ್ ಹಾಕ್ಬೇಕಾ?” ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವ್ಯಾಪಾರಕ್ಕೆ ಇಳಿದ ಕೂಡಲೇ ನನಗೆ ಬೇಕಾಗಿದ್ದು ಆಚೆ ಕಡೆಗೆ ಮಾತ್ರ ಮುಳ್ಳಿರುವ ಬೇಲಿ. ಸುಮಾ ಮಾತ್ರ ಒಂದೇ ಮಾತು ಹೇಳಿದಳು: “ನನ್ ಹೆಸರಲ್ಲಿ ಮಾತು ಕೊಟ್ಟಿದ್ದೀರ, ನಡೆಸ್ಕೊಡಿ.” ನಾಚಿಕೆಯಾಯಿತು.

ಅಂದಿನಿಂದ ನನ್ನ ಭಾನುವಾರಗಳೆಲ್ಲ ರಿಂಗ್ ರಸ್ತೆಯ ಪಾಲಾದವು. ಸ್ಕೂಟರಿನಲ್ಲಿ ಬ್ಲೌಸ್ ತರುವುದು, ಮುಂದಿನ ವಾರ ಕೊಟ್ಟು ಬರುವುದು. ತೋಳು ಸರಿಹೋದರೆ ಬೆನ್ನು, ಬೆನ್ನು ಸರಿಹೋದರೆ ಕೊರಳು. ಅಷ್ಟರಲ್ಲಿ ಸುಮಾ ತಾನೇ ಹೊಸ ಷರತ್ತು ಬರೆದಳು. ತೊಟ್ಟ ಬ್ಲೌಸ್ ವಾಪಸ್ ಪಡೆಯುವುದಿಲ್ಲ. ಹೊಲಿಗೆಯ ತಪ್ಪಾದರೆ ನಾವೇ ಬಿಚ್ಚಿ ಹೊಲಿದು ಕೊಡುತ್ತೇವೆ. ಅಷ್ಟೇ. ಚಿಕ್ಕದಾಗಿದ್ದರಿಂದ ಜನ ಓದಿದರು. ಅರಿಶಿನದ ಬ್ಲೌಸುಗಳು ಬರುವುದು ನಿಂತು, ಮನೆಯಲ್ಲಿ ಮಿಷನ್ನಿನ ಸದ್ದು ಮತ್ತೆ ಶುರುವಾಯಿತು. ವರಲಕ್ಷ್ಮಮ್ಮನವರಿಗೂ ಇದೇ ಅನ್ವಯಿಸಬಹುದಲ್ಲ ಎಂದು ಮೆಲ್ಲಗೆ ಕೇಳಿದೆ. “ಅವ್ರು ಒಪ್ಪಿದ್ದು ಹಳೇದಕ್ಕೆ ಕಣ್ರೀ” ಎಂದಳು.

ಕೊನೆಗೂ ಹೋದ ಭಾನುವಾರ ವರಲಕ್ಷ್ಮಮ್ಮ ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡು, “ಈಗ ಸರಿಯಾಗ್ ಕುಂತೈತೆ ಕಣಪ್ಪ” ಎಂದರು. ಆಮೇಲೆ ಒಂದು ಕಾಗದ ತಂದು ಮುಂದಿಟ್ಟು, “ಬರವಣಿಗೇಲಿ ಇರ್ಲಿ, ಇಬ್ರೂ ಸೈನ್ ಆಕ್ಬುಡಾಣ” ಎಂದರು. ಬಿಡುಗಡೆಯ ಖುಷಿಯಲ್ಲಿ ಸಹಿ ಹಾಕಿ, ಅವರು ಕೊಟ್ಟ ಕಾಫಿ ಕುಡಿದು, ಸ್ಕೂಟರ್ ಹತ್ತಿದೆ.

ಮನೆ ತಲುಪಿ ವಿಷಯ ತಿಳಿಸಿದಾಗ ಸುಮಾ, “ಅದ್ರಲ್ಲಿ ಏನ್ ಬರೆದಿತ್ತು?” ಎಂದು ಕೇಳಿದಳು.

ಹೆಲ್ಮೆಟ್ಟಿನ ಪಟ್ಟಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿ, “ಮಾಮೂಲೀದೇ” ಎಂದೆ.