ಮೇಸ್ತ್ರಿಯ ಕೈಮಾತು

ಹೆಂಡತಿ: ಮತ್ತೆ ಕಟ್ ಮಾಡಿದ್ರಾ! ಎರಡನೇ ಸಲ! ತಿಂಗಳಿಂದ ಮುನಿಸ್ಕೊಂಡಿದ್ದ ಮಗಳು ತಾನಾಗೇ ಫೋನ್ ಮಾಡಿದ್ರೆ ಹೀಗಾ ಮಾಡೋದು?

ಮೇಸ್ತ್ರಿ: ನಾನೆಲ್ಲಿ ಕಟ್ ಮಾಡ್ದೆ? ‘ಹೇಗಿದ್ದೀಯ ಮಗಳೇ’ ಅಂತ ಕೇಳೋಕೆ ಹೋದೆ, ಅಷ್ಟೆ.

ಹೆಂಡತಿ: ಬಾಯಲ್ಲಿ ಕೇಳೋ ಮೊದ್ಲೇ ಕೈಯಲ್ಲಿ ಕೇಳಿದ್ರಿ! ಒಂದ್ಸಲ ಕೈ ಬೀಸಿದ್ರೆ ಕಾಲ್ ಎತ್ತುತ್ತೆ, ಇನ್ನೊಂದ್ಸಲ ಬೀಸಿದ್ರೆ ಇಟ್ಟುಬಿಡುತ್ತೆ. ಎಷ್ಟು ಸಲ ಹೇಳ್ಲಿ?

ಎಷ್ಟು ಸಲ ಹೇಳಿದರೂ ಅಷ್ಟೆ. ನೇಯ್ಗೆ ಗಿರಣಿಯ ಗದ್ದಲದಲ್ಲಿ ಮೂವತ್ತು ವರ್ಷ ಕೈಸನ್ನೆಯಲ್ಲೇ ಮಾತಾಡಿದ ಮೇಸ್ತ್ರಿಗೆ ಕೈ ಆಡದೆ ಬಾಯಿ ಆಡದು. ನೂಲು ಎಳೆದೆಳೆದು ಬೆರಳ ತುದಿ ಎಷ್ಟು ಒರಟಾಗಿತ್ತೆಂದರೆ, ಹಳೆಯ ಟಚ್ ಫೋನು ಎಷ್ಟು ಒತ್ತಿದರೂ ಓಗೊಡುತ್ತಿರಲಿಲ್ಲ. ಅದಕ್ಕೇ, ಪಾಪ, ಮಗಳು ಕೈ ಬೀಸಿದರೆ ಸಾಕೆನ್ನುವ ಈ ಫೋನು ತಂದುಕೊಟ್ಟಳು. ‘ನನ್ನ ಬೆರಳಿಗೇನು ಬಂದಿದೆ ರೋಗ?’ ಎಂದು ಮೇಸ್ತ್ರಿ ಸಿಡುಕಿದರು. ಅವಳು ಊಟಕ್ಕೂ ಕೂರದೆ ಹೊರಟುಹೋದಳು. ಅಂದಿನಿಂದ ಮೇಸ್ತ್ರಿಗೂ ಊಟ ಸೇರುತ್ತಿಲ್ಲ. ತಪ್ಪಾಯ್ತು ಎಂದು ಹೇಳಬೇಕು, ಹೇಳಲು ಆಗುತ್ತಿಲ್ಲ.

ಮೇಸ್ತ್ರಿ: ಬಾಯಲ್ಲಿ ಹೇಳಿದ್ರೂ ಕೇಳುತ್ತಂತಲ್ಲ ಇದು? (ಗಂಟಲು ಹರಿಯುವಂತೆ) ಏಯ್! ನನ್ನ ಮಗಳನ್ನ ಕರಿ!

ಫೋನು: ನಿಮ್ಮ ಮಾತು ಅರ್ಥವಾಗಲಿಲ್ಲ.

ಹೆಂಡತಿ: ನಲವತ್ತು ವರ್ಷದಿಂದ ನನಗೂ ಆಗಿಲ್ಲ. ಅದನ್ನ ಯಾಕೆ ಗದರಿಸ್ತೀರಿ?

ಅಷ್ಟರಲ್ಲಿ ಫೋನೇ ಮೊಳಗಿತು. ಹೆಂಡತಿ ಒಮ್ಮೆ ಕೈ ಬೀಸಿ ಎತ್ತಿದವಳೇ, ಗಂಡನ ಎರಡೂ ಕೈಗಳನ್ನು ಗಪ್ಪನೆ ಹಿಡಿದು ತನ್ನ ಮಡಿಲಲ್ಲಿ ಅದುಮಿಟ್ಟುಕೊಂಡಳು.

ಮಗಳು: ಅಪ್ಪಾ, ಮೂರನೇ ಸಲ ಮಾಡ್ತಿದ್ದೀನಿ. ಇನ್ನೂ ಕೋಪಾನಾ?

ಮೇಸ್ತ್ರಿಯ ಮಾತು ಮೊಣಕೈವರೆಗೂ ಬಂದು ನಿಂತುಬಿಟ್ಟಿತು.

ಮಗಳು: ಮಾತಾಡೋಕೆ ಇಷ್ಟ ಇಲ್ದಿದ್ರೆ ಇಡ್ತೀನಿ, ಬಿಡು.

ಹೆಂಡತಿ: ಇಡಬೇಡ್ವೇ! ನಾನು ಇವರ ಕೈ ಹಿಡ್ಕೊಂಡು ಕೂತಿದ್ದೀನಿ ಕಣೇ!

ಮಗಳು: ಈ ವಯಸ್ಸಲ್ಲಿ! ಹಾಗಾದ್ರೆ ಆಮೇಲೇ ಮಾಡ್ತೀನಮ್ಮ.

ಮೇಸ್ತ್ರಿ: (ಬೆವರಿ, ಕೊಸರಾಡುತ್ತ) ಬಿಡೇ ನನ್ನ ಕೈನ! ತಪ್ಪಾಯ್ತು ಅಂತ ಹೇಳ್ಬೇಕು ನಾನು ಅವಳಿಗೆ!

ಹೇಳಿಯೇಬಿಟ್ಟೆನೆಂದು ಹೊಳೆದದ್ದೇ ಮೇಸ್ತ್ರಿ ಕೊಸರಾಟ ನಿಲ್ಲಿಸಿದರು.

ಮಗಳು: ಕೇಳಿಸ್ತಪ್ಪ. ನಿನ್ನ ಬಾಯಲ್ಲಿ ಈ ಮಾತು ಕೇಳ್ತಿರೋದು ಇದೇ ಮೊದ್ಲು. ಭಾನುವಾರ ಬರ್ತೀನಿ, ಊಟಕ್ಕೇ ಬರ್ತೀನಿ. ಅಮ್ಮಾ, ಅಲ್ಲೀವರೆಗೂ ಆ ಕೈ ಬಿಡ್ಬೇಡ!

ಮೇಸ್ತ್ರಿಗೆ ಅಳು ನಗು ಎರಡೂ ಒಟ್ಟಿಗೇ ಬಂದವು.

ಹೆಂಡತಿ: ಭಾನುವಾರದವರೆಗೂ? ಅಷ್ಟರಲ್ಲಿ ಇವರು ಬರೀ ಬಾಯಲ್ಲೇ ಮಾತಾಡೋದು ಕಲಿತುಬಿಟ್ರೆ, ಆಮೇಲೆ ಈ ಕೈ ಹಿಡಿಯೋಕೆ ನನಗೆ ನೆಪ ಏನೇ!