ಶ್ವಾಸ ಮುಟ್ಟಿದ ಸ್ಕೂಟರು

ಎಲ್ಲರೂ ವಾಹನಗಳನ್ನು ಮುಂದಿನಿಂದ ನೋಡಿದರೆ ನನ್ನ ಸೋದರಮಾವ ಹಿಂದಿನಿಂದ ಮಾತ್ರ ನೋಡುತ್ತಾರೆ. ಕೊಚ್ಚಿ ಪಕ್ಕದ ಆಲುವದ ಯಾವ ಬಸ್ಸಿನ ಬಣ್ಣವನ್ನೂ ಅವರು ಹೇಳಲಾರರು. ಆದರೆ ಕಣ್ಣು ಮುಚ್ಚಿಕೊಂಡು ಸ್ಟ್ಯಾಂಡಿನಲ್ಲಿ ನಿಂತರೆ, ಯಾವ ಬಸ್ಸಿನ ಇಂಜಿನ್ನು ಎಣ್ಣೆ ಕುಡಿಯುತ್ತಿದೆ, ಯಾವುದಕ್ಕೆ ಗಾಳಿ ಸಾಲದು ಎಂದು ಮೂಗಿನಿಂದಲೇ ತೀರ್ಪು ಕೊಡುತ್ತಾರೆ! ಒಮ್ಮೆ ಹೀಗೆ ನಿಂತಿದ್ದಾಗ, ಪಾಪ ಕಣ್ಣು ಕಾಣದವರು ಎಂದು ಕಂಡಕ್ಟರೊಬ್ಬ ಕೈಹಿಡಿದು ಬಸ್ಸು ಹತ್ತಿಸಿಬಿಟ್ಟನಂತೆ. ಹತ್ತಿಸಿದ್ದಲ್ಲ, ಹತ್ತಿರ ಬರಬೇಡಿ ಎಂದು ದೂರ ನಿಲ್ಲಿಸಿದ್ದು ಎಂದು ಅತ್ತೆ. ನನ್ನ ನೆನಪಿನಲ್ಲಿ ನಾನೂ ಅಲ್ಲಿಯೇ ನಿಂತು ನಗುತ್ತಿದ್ದೇನೆ. ಆದರೆ ಆಗ ನಾನಿನ್ನೂ ಕೆಲಸಕ್ಕೆಂದು ಕೊಚ್ಚಿಗೆ ಬಂದೇ ಇರಲಿಲ್ಲ! ಆದ್ದರಿಂದ ನನ್ನ ನೆನಪನ್ನು ನಂಬುವವರು ಸ್ವಂತ ಜವಾಬ್ದಾರಿಯ ಮೇಲೆ ನಂಬತಕ್ಕದ್ದು.

ಮಾವ ಕಳಮಶ್ಶೇರಿಯ ಒಂದು ಕಾರ್ಖಾನೆಗೆ ವರ್ಗವಾಗಿ ಮೈಸೂರಿನಿಂದ ಹೊರಟಾಗ ಹಳೆಯ ಟೂ ಸ್ಟ್ರೋಕ್ ಸ್ಕೂಟರನ್ನೂ ಅತ್ತೆಯನ್ನೂ ಕರೆತಂದರು. (ಈ ಅನುಕ್ರಮ ಅತ್ತೆಯದು.) ಮನೆ ಆಲುವದಲ್ಲಿ, ಅತ್ತೆಯ ಆಫೀಸು ಪಾಲಾರಿವಟ್ಟಂನಲ್ಲಿ. ಮಾವ ದಿನಾ ತಮ್ಮ ಕಾರ್ಖಾನೆಯನ್ನು ದಾಟಿಕೊಂಡು ಹೋಗಿ ಅತ್ತೆಯನ್ನು ಇಳಿಸಿ, ಅಷ್ಟೂ ದೂರ ವಾಪಸ್ಸು ಬರುತ್ತಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ, "ನಿಮ್ಮ ಗಾಡಿ ಹೊಗೆ ನನಗಾಗಲ್ಲ ರೀ" ಎಂದವರೇ ಮೆಟ್ರೊ ಹತ್ತಿಬಿಟ್ಟರು.

ಅತ್ತೆಗೆ ಕೆಮ್ಮಿತ್ತು, ನಿಜ. ಡಾಕ್ಟರಿಗೂ ತೋರಿಸಿದರು. ಡಾಕ್ಟರು ಅತ್ತೆಗೆ ಮಲಯಾಳದಲ್ಲಿ ಹೇಳಿದ್ದನ್ನು ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡ ಮಾವ ನನಗೆ ಫೋನ್ ಮಾಡಿದರು. "ಏನೂ ಇಲ್ಲ ಕಣೋ, ಶ್ವಾಸ ಮುಟ್ತಾ ಇದೆಯಂತೆ! ಉಸಿರು ಎದೆಗೆ ಸರಿಯಾಗಿ ತಲುಪ್ತಿದೆ ಅಂತ."

"ಒಳ್ಳೇದಾಯ್ತು ಮಾವ" ಎಂದೆ. ನನಗೆ ಆಗಿನ್ನೂ ಮಲಯಾಳ ಬರುತ್ತಿರಲಿಲ್ಲ, ಮಾವನ ಮಲಯಾಳದ ಮೇಲೆ ಗೌರವವಿತ್ತು. "ಮಲಯಾಳ ಏನು ಮಹಾ? ಕನ್ನಡಕ್ಕೆ ಬಾಲ ಕಟ್ಟಿದರೆ ಮಲಯಾಳ!" ಎನ್ನುವುದು ಅವರ ವ್ಯಾಕರಣ.

ಅತ್ತೆಯಲ್ಲಿ ದೋಷವಿಲ್ಲ ಎಂದಮೇಲೆ ದೋಷ ಸ್ಕೂಟರಿನದೇ ತಾನೆ? ಅದರ ಹೊಗೆಯನ್ನು ತೊಳೆದು ಅತ್ತೆಯನ್ನು ಮತ್ತೆ ಹಿಂದಿನ ಸೀಟಿನಲ್ಲಿ ಕೂರಿಸುವುದು ಮಾವನ ಜೀವನದ ಗುರಿಯಾಯಿತು. ಅಲ್ಲಿಯವರೆಗೆ ಮೇಲೆ ಮೆಟ್ರೊದಲ್ಲಿ ಅತ್ತೆ, ಕೆಳಗೆ ಕಂಬಗಳ ಪಕ್ಕದಲ್ಲಿ ಖಾಲಿ ಸೀಟಿನ ಮಾವ! ಪ್ರತಿ ಸ್ಟೇಷನ್ನಿನ ಕೆಳಗೂ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರಂತೆ. ಏಸಿ ಡಬ್ಬಿಯೊಳಗೆ ಅದು ಯಾರಿಗೆ ಕೇಳಬೇಕು?

ಸಮಸ್ಯೆಯನ್ನು ಮಾವ ಭಾನುವಾರದ ಊಟದಲ್ಲಿ ಸಾರನ್ನದ ಮೇಲೆ ಬೆರಳಿನಿಂದ ಬರೆದು ವಿವರಿಸಿದರು. "ಸೈಲೆನ್ಸರಿಗಿಡೋ ಜಾಲರಿಯ ಕಣ್ಣು ಸಣ್ಣದಿದ್ದರೆ ಮಸಿ ನಿಲ್ಲುತ್ತೆ, ಹೊಗೆಯೂ ನಿಲ್ಲುತ್ತೆ, ಇಂಜಿನ್ನು ಉಸಿರುಕಟ್ಟಿ ಸಾಯುತ್ತೆ. ದೊಡ್ಡದಿದ್ದರೆ ಹೊಗೆ ಸರಾಗ ಹೋಗುತ್ತೆ, ಮಸಿಯೂ ಜೊತೆಗೇ ಹೋಗುತ್ತೆ. ತಡೀಬೇಕು, ಆದರೆ ತಡೀಬಾರದು! ಹೇಗೆ?"

"ನಿಮ್ಮನ್ನ ನಾನು ಇಷ್ಟು ವರ್ಷ ತಡ್ಕೊಂಡಿಲ್ವೇ, ಹಾಗೇ" ಎಂದರು ಅತ್ತೆ, ಮಜ್ಜಿಗೆ ಬಡಿಸುತ್ತಾ.

ಮೊದಲ ಪ್ರಯೋಗ ತೆಂಗಿನ ನಾರಿನದು. ಕೇರಳದಲ್ಲಿ ನಾರಿಗೇನು ಬರ? ಸೈಲೆನ್ಸರಿನ ಬಾಯಿಗೆ ತುರುಕಿಕೊಂಡು ಹೊರಟ ಸ್ಕೂಟರು ಕಳಮಶ್ಶೇರಿ ತಲುಪುವಷ್ಟರಲ್ಲಿ ಬಾಲಕ್ಕೆ ಬೆಂಕಿ ಹತ್ತಿದ ಹನುಮಂತನಾಗಿತ್ತು. ಚಹಾದಂಗಡಿಯವನು ಗ್ಲಾಸು ತೊಳೆಯುವ ಬಕೆಟ್ಟನ್ನೇ ಅದರ ಮೇಲೆ ಸುರಿದು ಲಂಕೆಯನ್ನು ಉಳಿಸಿದ. ಪರೀಕ್ಷೆಗಾಗಿ ಹೊಗೆಗೆ ಹಿಡಿದ ಬಿಳಿ ಕರವಸ್ತ್ರಗಳ ಗತಿ ಬೇರೆ. ಒಂದೊಂದರಲ್ಲೂ ಒಂದೊಂದು ಅಮಾವಾಸ್ಯೆ! ಒಗೆದರೆ ಪುರಾವೆ ಹಾಳಾಗುತ್ತದೆಂದು ಮಾವ ಅವನ್ನು ಅತ್ತೆಯ ರೇಷ್ಮೆ ಸೀರೆಗಳ ನಡುವೆ ಮಡಚಿಟ್ಟರು. ಆ ವಾರ ಮನೆಯಲ್ಲಿ ಹೊಗೆ ಬಂದದ್ದು ಸ್ಕೂಟರಿನಿಂದಲ್ಲ.

ಜ್ಞಾನೋದಯವಾದದ್ದು ಅಡುಗೆಮನೆಯಲ್ಲಿ. ಪಕ್ಕದ ಮನೆಯ ಚೇಚಿ, ಎಂದರೆ ಅಕ್ಕ, ಅತ್ತೆಗೆ ಪುಟ್ಟು ಮಾಡುವುದನ್ನು ಕಲಿಸುತ್ತಿದ್ದರು. ಕೊಳವೆಯಂಥ ಪಾತ್ರೆಯಲ್ಲಿ ಅಕ್ಕಿಹಿಟ್ಟು ತುಂಬಿ ಕೆಳಗಿನಿಂದ ಹಬೆ ಕೊಡುವುದು. ಅತ್ತೆ ಹಿಟ್ಟನ್ನು ಅದುಮಲು ಹೋದಾಗ ಚೇಚಿ ಕೈಹಿಡಿದರಂತೆ. ಅದುಮಬಾರದು, ಉದುರುದುರಾಗಿ ಸುರಿಯಬೇಕು, ಆಗ ಹಬೆ ಪ್ರತಿ ಕಾಳನ್ನೂ ಸವರಿಕೊಂಡು ಮೇಲೆ ಬರುತ್ತದೆ. "ಸಿಕ್ತು!" ಎಂದು ಮಾವ ಬಿಸಿ ಪಾತ್ರೆಯನ್ನೇ ಅಪ್ಪಿಕೊಂಡರು. ಪುಟ್ಟು ಮಾವನ ಬನಿಯನ್ನಿನ ಮೇಲೆ ಬಿತ್ತು. ವಿಜ್ಞಾನ ಯಾರ ತಿಂಡಿಗೂ ಕಾಯುವುದಿಲ್ಲ.

ಹೊಸ ಪುಟ್ಟಿನ ಕೊಳವೆ ಬಂತು. ಸುಟ್ಟ ಜೇಡಿಮಣ್ಣಿನ ಗುಳಿಗೆಗಳನ್ನು ಅದರಲ್ಲಿ ಉದುರುದುರಾಗಿ ತುಂಬಿ ಸೈಲೆನ್ಸರಿಗೆ ಕಟ್ಟಿದ್ದಾಯಿತು. ಸಿಗ್ನಲ್ಲಿನಲ್ಲಿ ಆಟೋದವರು "ಸಾರೇ, ಕಡಲಕ್ಕರಿ ಎವಿಡೆ?" ಎಂದು ಕೂಗುತ್ತಿದ್ದರು. ಪುಟ್ಟಿದೆ, ನಂಚಿಕೊಳ್ಳಲು ಕಡಲೆ ಸಾರೆಲ್ಲಿ ಎಂದು! ಆದರೆ ಕರವಸ್ತ್ರ ಮೊದಲ ಬಾರಿಗೆ ಬರೀ ಬೂದುಬಣ್ಣಕ್ಕೆ ತಿರುಗಿತು. ಆಲುವದ ಮೆಕ್ಯಾನಿಕ್ ಬಾಬುಚೇಟ್ಟ (ಅಲ್ಲಿ ಅಣ್ಣನಿಗೆ ಚೇಟ್ಟ ಎನ್ನುತ್ತಾರೆ) ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು ತಲೆಯಾಡಿಸಿದ: "ವಂಡಿಕ್ಕು ಶ್ವಾಸಂ ಮುಟ್ಟುನ್ನು, ಸಾರೇ."

ಗಾಡಿಗೆ ಶ್ವಾಸ ಮುಟ್ಟುತ್ತಿದೆ! ಮಾವ ಅವನ ಎಣ್ಣೆಗೈಯನ್ನು ಎರಡೂ ಕೈಗಳಿಂದ ಕುಲುಕಿದರಂತೆ. ಅಂದೇ ತಿರುವನಂತಪುರದ ಒಂದು ಕಾಲೇಜಿನ ಸಂಶೋಧಕರ ಪ್ರದರ್ಶನಕ್ಕೆ ಅರ್ಜಿ ಹೋಯಿತು. "ಅಲ್ಲಿ ಸೈ ಅಂದರೆ ಸೋಮವಾರದಿಂದ ಹಿಂದೆ ಕೂತ್ಕೋತೀಯಾ?" ಎಂದು ಕೇಳಿದ್ದಕ್ಕೆ, ಅತ್ತೆ ಅವರ ಮುಖ ನೋಡಿ "ಆಗಲಿ" ಎಂದರು.

ಸ್ಕೂಟರು ಆಲುವದ ರೈಲ್ವೆ ಸ್ಟೇಷನ್ನಿನಿಂದ ಪಾರ್ಸೆಲ್ ಆಗಿ ಹೋಯಿತು. ಜೊತೆಗೆ ನಾನೂ ಒಂದು ಪಾರ್ಸೆಲ್. ತಿರುವನಂತಪುರದಲ್ಲಿ ಇಳಿದೊಡನೆ ಪೋರ್ಟರೊಬ್ಬ ಕೊಳವೆಗೆ ಬೆರಳು ತೋರಿಸಿ "ಎಂದರಣ್ಣಾ ಇದ್?" ಎಂದ, ಏನಣ್ಣಾ ಇದು ಎಂದು. ಮಾವನ ಎದೆ ಉಬ್ಬಿತು. "ನೋಡೋ, ಇಲ್ಲಿ ಅಣ್ಣಾ ಅಂತಾರೆ! ನಮ್ಮೋರೇ!"

ಪ್ರದರ್ಶನದಲ್ಲಿ ಪರೀಕ್ಷಕರು ಗಾಡಿ ಚಾಲೂ ಮಾಡಿಸಿ, ಹಿಂದೆ ಕುಕ್ಕುರುಗಾಲಲ್ಲಿ ಕೂತು ಕಿವಿಗೊಟ್ಟರು. ಇಂಜಿನ್ನು ಎರಡು ನಿಮಿಷ ಗೊರಗೊರ ಎಂದು ನಿಂತೇಹೋಯಿತು. ಅವರು ಎದ್ದು ಮೃದುವಾಗಿ, "ಶ್ವಾಸಂ ಮುಟ್ಟುನ್ನುಂಡಲ್ಲೋ ಅಣ್ಣಾ" ಎಂದರು.

"ಥ್ಯಾಂಕ್ಯೂ ಸರ್!" ಮಾವ ಅವರಿಗೆ ಬಾಳೆಕಾಯಿ ಚಿಪ್ಸಿನ ಪೊಟ್ಟಣ ಚಾಚಿದರು. ಪರೀಕ್ಷಕರು ಗೊಂದಲದಲ್ಲಿ ಎರಡು ಚಿಪ್ಸು ತೆಗೆದುಕೊಂಡು ಮುಂದಿನ ಮೇಜಿಗೆ ಹೋದರು.

ಹೇಳದೆ ವಿಧಿಯಿರಲಿಲ್ಲ. ನಾನು ಕೆಲಸ ಮಾಡುವ ಐಟಿ ಪಾರ್ಕಿನ ಲಿಫ್ಟಿನಲ್ಲಿ ಜನ ಕಿಕ್ಕಿರಿದಾಗಲೆಲ್ಲ ಕೇಳಿ ಈಚೆಗೆ ಕಲಿತ ಮಾತು ಅದು. "ಮಾವ, ಮುಟ್ಟುನ್ನು ಅಂದರೆ ತಲುಪೋದಲ್ಲ. ಶ್ವಾಸಂ ಮುಟ್ಟೋದು ಅಂದರೆ ಉಸಿರು ಕಟ್ಟೋದು. ಗಾಡಿಗೆ ಉಸಿರು ಕಟ್ತಾ ಇದೆ ಅಂದರು."

ಮಾವ ನಗಲು ಹೊರಟವರು ನಿಲ್ಲಿಸಿದರು.

"ಹಾಗಾದ್ರೆ ಬಾಬು..."

"ಅವನೂ ಅದನ್ನೇ ಹೇಳಿದ್ದು."

ಅವರು ಸ್ಕೂಟರಿನ ಹಿಂದಿನ ಸೀಟನ್ನು ನೋಡುತ್ತಾ ನಿಂತರು. "ಡಾಕ್ಟರು ನಿಮ್ಮತ್ತೆಗೆ ಹೇಳಿದ್ದೂ ಇದೇ ಮಾತು ಕಣೋ" ಎಂದರು. "ನಾನು ನಗ್ತಾ ನಗ್ತಾ ಇದೇ ಗಾಡೀಲಿ ಮನೆಗೆ ಕರಕೊಂಡು ಬಂದೆ."

'ಒಳ್ಳೇದಾಯ್ತು' ಎಂದಿದ್ದವನು ನಾನು. ಈ ನೆನಪನ್ನು ಮಾತ್ರ ಅನುಮಾನಿಸಲು ಎಷ್ಟು ಪ್ರಯತ್ನಿಸಿದರೂ ಆಗುತ್ತಿಲ್ಲ.

ಅತ್ತೆಗೆ ಎಲ್ಲ ಗೊತ್ತಿತ್ತು. ಇನ್‌ಹೇಲರನ್ನು ಆಫೀಸಿನ ಬ್ಯಾಗಿನಲ್ಲಿಯೇ ಇಟ್ಟುಕೊಂಡಿದ್ದರು. ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದಾಗ, "ಅವತ್ತು ಎಷ್ಟು ಖುಷಿಯಾಗಿದ್ರು ಗೊತ್ತಾ? ದಾರಿಯುದ್ದಕ್ಕೂ ಹಾಡು ಹೇಳ್ಕೊಂಡು ಬಂದ್ರು" ಎಂದರು.

ಸ್ಕೂಟರು ಬಾಬುಚೇಟ್ಟನ ಶೆಡ್ಡು ಸೇರಿತು. ಮುಂದಿನದನ್ನು ನಾನು ಕಂಡಿಲ್ಲ. ಇಬ್ಬರೂ ಬೇರೆಬೇರೆಯಾಗಿ ಹೇಳುತ್ತಾರೆ, ನಾನು ನನಗೆ ಬೇಕಾದಂತೆ ಹೊಲಿದುಕೊಂಡಿದ್ದೇನೆ. ಸೋಮವಾರ ಬೆಳಿಗ್ಗೆ ಮಾವ ಮೆಟ್ರೊದಲ್ಲಿ ಅತ್ತೆಯ ಪಕ್ಕ ಕೂತರು. ಕಳಮಶ್ಶೇರಿ ಬಂತು, ಇಳಿಯಲಿಲ್ಲ. ಪಾಲಾರಿವಟ್ಟಂವರೆಗೂ ಹೋಗಿ ವಾಪಸ್ಸು ಬರುವುದು ಹಳೆಯ ಅಭ್ಯಾಸ. ರೈಲು ಮತ್ತೆ ಹೊರಟಾಗ ಅವರು ಮೆಲ್ಲಗೆ ಕೇಳಿದರು:

"ಶ್ವಾಸ ಮುಟ್ತಾ ಇದೆಯೇನೇ?"

"ಹ್ಞೂಂ, ಮುಟ್ತಾ ಇದೆ."

ಮಾವ ಗಾಬರಿಯಿಂದ ತಿರುಗಿದರು. "ಯಾವ ಭಾಷೇಲಿ?"

"ಕನ್ನಡದಲ್ಲಿ ರೀ" ಎಂದರು ಅತ್ತೆ.