ಪಿತ್ತಕೋಶಕ್ಕೆ ಕೈ ಎತ್ತಿದವರು

ಹುದಿಕೇರಿ ಕಡೆಯ ಎಸ್ಟೇಟೊಂದರಲ್ಲಿ ನಾನು ರೈಟರ್, ಅಂದರೆ ಕೂಲಿಯವರ ಹಾಜರಿ, ತೋಟದ ಲೆಕ್ಕ ಬರೆಯುವವನು. ಆನೆ ಬಂದು ಬೇಲಿ ಮುರಿದರೂ ನನಗೆ ಅಷ್ಟೇನೂ ಗಾಬರಿಯಾಗುವುದಿಲ್ಲ. ಈ ಸಲ ಮಾತ್ರ ನನ್ನ ಹೊಟ್ಟೆಯ ದೆಸೆಯಿಂದ ಮೇಲಿಂದ ಮೇಲೆ ಬೆಚ್ಚಿಬಿದ್ದಿದ್ದೇನೆ.

೧

ಊಟವಾದ ಕೂಡಲೇ ಹೊಟ್ಟೆ ಉಬ್ಬರ, ಎದೆಯುರಿ. ಮೈಸೂರಿನ ಡಾಕ್ಟರು ಸ್ಕ್ಯಾನ್ ನೋಡಿ, "ಕಲ್ಲಿಲ್ಲ. ಪಿತ್ತಕೋಶ ಸ್ವಲ್ಪ ನಿಧಾನ. ಒಂದು ತಿಂಗಳು ಖಾರ ಪೂರ್ತಿ ಬಿಡಿ. ಆಮೇಲೂ ಹೀಗೇ ಇದ್ರೆ ಆಪರೇಷನ್ ಮಾಡಿ ತೆಗೀಬಹುದು. ತೆಗೆದ್ರೂ ಗುಣವಾಗುತ್ತೆ ಅಂತ ಗ್ಯಾರಂಟಿ ಇಲ್ಲ. ನೀವೇ ತೀರ್ಮಾನ ಮಾಡಿ" ಅಂದರು.

"ನಾನಾ? ಡಾಕ್ಟ್ರೇ, ತೋಟದಲ್ಲಿ ಒಂದು ಕೊಂಬೆ ಕಡಿಸ್ಬೇಕಾದ್ರೂ ನಾನು ಸಾಹುಕಾರರನ್ನ ಕೇಳ್ಬೇಕು!"

೨

ತಿಂಗಳಿಡೀ ಹೆಂಡತಿ ಗಂಜಿ, ಸಪ್ಪೆ ಸಾರು ಬಿಟ್ಟು ಬೇರೇನೂ ಬಡಿಸಲಿಲ್ಲ. ಎರಡೆರಡು ಅಡುಗೆ ಯಾಕೆಂದು ಅವಳೂ ಅದನ್ನೇ ಉಂಡಳು. ಉರಿ ಮಾತ್ರ ಹೋಗಲಿಲ್ಲ.

ಕತ್ತರಿ ಪ್ರಯೋಗವೆಂದರೆ ನನಗೆ ಜೀವಭಯ. ಬೇಡ ಅನ್ನಲಿ ಎಂಬ ಆಸೆಯಿಂದಲೇ ಸಾಹುಕಾರರನ್ನು ಕೇಳಿದೆ.

"ಕೆಲಸ ಮಾಡದ್ದನ್ನ ಇಟ್ಕೊಂಡು ಏನ್ ಮಾಡ್ತೀರಿ? ತೆಗೆಸಿ ಬಿಸಾಡಿ" ಅಂದರು. ಎಷ್ಟು ಸಲೀಸು! ಬೆವರೊರೆಸಿಕೊಳ್ಳುತ್ತಾ ಗೇಟು ದಾಟುವಾಗ ಹಿಂದಿನಿಂದ ಕೂಗಿದರು: "ಹೋಯ್, ಕರಿಮೆಣಸು ಒಣಗಿ ಚೀಲಕ್ಕೆ ಹೋಗೋವರೆಗೆ ಅದು ಒಳಗೇ ಇರ್ಲಿ!"

೩

ಮಾರನೆಯ ಬೆಳಿಗ್ಗೆ ಹಾಜರಿ ಕರೆಯುವಷ್ಟರಲ್ಲಿ ಕೂಲಿಯವರ ಲೈನ್ ಮನೆಗಳಿಗೆಲ್ಲ ಸುದ್ದಿ ಮುಟ್ಟಿತ್ತು. "ರೈಟರಿಗೆ ಆಪರೇಷನ್ ಆಗ್ಲಿ ಅನ್ನೋರು ಕೈ ಎತ್ತಿ" ಅಂದೆ, ತಮಾಷೆಗೆ. ಎಲ್ಲರೂ ಎತ್ತಿದರು. ನನ್ನ ಆರೋಗ್ಯದ ಮೇಲೆ ಇವರಿಗೆ ಇಷ್ಟು ಕಾಳಜಿಯೇ ಎಂದು ಕಣ್ಣು ತುಂಬಿತು.

ಮುಂದೆ ನಿಂತಿದ್ದ ಹಿರಿಯ ಹೆಂಗಸು ಕೇಳಿದಳು, "ನಿಮ್ಗೆ ಎಷ್ಟು ದಿನ ರಜೆ ಸಾರ್?"

"ಹತ್ತು ದಿನ."

"ಅಷ್ಟೇಯಾ?"

ಅರ್ಧ ಕೈಗಳು ಕೆಳಗಿಳಿದವು.

೪

ಆಪರೇಷನ್ನಿಗೆ ದಿನ ಗೊತ್ತುಮಾಡಲು ಹೆಂಡತಿಯೊಂದಿಗೆ ಮತ್ತೆ ಮೈಸೂರಿಗೆ ಹೋದೆ.

"ಖಾರ ಬಿಟ್ಟಿದ್ದಾರಾ?" ಡಾಕ್ಟರು ಕೇಳಿದರು.

"ಒಂದು ಮೆಣಸಿನಕಾಯಿ ಮನೆಯೊಳಗೆ ಬಂದಿಲ್ಲ" ಅಂದಳು ಹೆಂಡತಿ.

"ಮನೆ ಹೊರಗೆ?"

"ಹೊರಗೆ ಏನೂ ತಿನ್ನಲ್ಲ ಡಾಕ್ಟ್ರೇ" ಅಂದೆ. "ಇಡೀ ದಿನ ಕಣದಲ್ಲೇ ಇರ್ತೀನಿ. ಕರಿಮೆಣಸು ಒಣಗಿದೆಯಾ ಅಂತ ಕಚ್ಚಿ ನೋಡ್ತೀನಿ, ಅಷ್ಟೆ."

ಡಾಕ್ಟರ ಪೆನ್ನು ನಿಂತಿತು. "ಎಷ್ಟು ಕಾಳು?"

"ಒಂದು ರಾಶಿಗೆ ನಾಲ್ಕೈದು. ದಿನಕ್ಕೆ ಇಪ್ಪತ್ತು ರಾಶಿ ಇರ್ಬಹುದು."

"ಕಚ್ಚಿ ಉಗೀತೀರಲ್ಲ?"

ನನಗೆ ಆಘಾತವೇ ಆಯಿತು. "ಸಾಹುಕಾರರ ಮೆಣಸು ಡಾಕ್ಟ್ರೇ! ಉಗಿಯೋಕಾಗುತ್ತಾ?"

ಒಂದು ತಿಂಗಳು ಸಪ್ಪೆ ಸಾರು ಉಂಡಿದ್ದ ಹೆಂಡತಿ ನನ್ನನ್ನು ಒಮ್ಮೆ ನೋಡಿ, ಡಾಕ್ಟರ ಕಡೆ ತಿರುಗಿದಳು.

"ಪಿತ್ತಕೋಶ ಅಲ್ಲೇ ಇರ್ಲಿ ಡಾಕ್ಟ್ರೇ. ಇವರ ಹಲ್ಲು ಅಷ್ಟೂ ತೆಗೆದುಬಿಡಿ."